ತುಳಸಿಗೆ ಹೇಳಿದ ಮಾತು

“ಈ ಮಣ್ಣೆಲ್ಲಾ ಎಲ್ಲಿಗೆ ಹೋಗಬೇಕು?”

ವೆಂಕಣ್ಣ ಮಾಸ್ತರರು ತುಳಸಿಕಟ್ಟೆಯ ಮುಂದೆ ನಿಂತು ಕೇಳಿದರು. ಉಟ್ಟ ಪಂಚೆಯಿಂದ ನೀರು ಇಳಿಯುತ್ತಿತ್ತು. ಕೈಯಲ್ಲಿ ತಾಮ್ರದ ತಂಬಿಗೆ. ಮಾಳಮಡ್ಡಿಯ ಆ ಹಳೆಯ ಮನೆಯ ಹಿತ್ತಲಲ್ಲಿ ಅಷ್ಟು ಹೊತ್ತಿಗೆ ಇದ್ದದ್ದು ಕಾಳವ್ವ ಮತ್ತು ಅವಳ ನಾಲ್ಕು ಕತ್ತೆಗಳು. ಮಾಸ್ತರರು ಅವರ್ಯಾರ ಕಡೆಗೂ ನೋಡಲಿಲ್ಲ.

ಕಾಳವ್ವ ಸಲಿಕೆ ಊರಿ ನಿಂತು ಕಾದಳು. ಉತ್ತರ ಕೊಡಬಾರದೆಂಬುದು ಅವಳಿಗೆ ಗೊತ್ತಿತ್ತು.

ಹಿತ್ತಲ ಪಡಸಾಲೆ ಕೆಡವಿ ಮಣ್ಣನ್ನು ಊರಾಚೆಯ ಕಲ್ಲುಕ್ವಾರಿಗೆ ಸಾಗಿಸುವ ಕೆಲಸದ ಹನ್ನೆರಡನೆಯ ದಿನ ಅದು. ಸಂದಿ ಇಕ್ಕಟ್ಟು, ಟ್ರ್ಯಾಕ್ಟರ್ ಬರುವುದಿಲ್ಲ, ಅದಕ್ಕೇ ಕತ್ತೆಗಳು ಬೇಕಾಗಿದ್ದವು. ಮನೆಯ ಪದ್ಧತಿ ಅವಳಿಗೆ ಮೊದಲ ದಿನವೇ ತಿಳಿದಿತ್ತು. ಮಾಸ್ತರರು ಮಡಿಯಲ್ಲಿರುವಾಗ ವಡ್ಡರ ಹೆಂಗಸಿನ ಜೊತೆ ಮಾತಾಡುವುದಿಲ್ಲ. ಹೇಳಬೇಕಾದ್ದನ್ನು ತುಳಸಿಗೆ ಹೇಳುತ್ತಾರೆ, ಬಾವಿಯ ರಾಟೆಗೆ ಹೇಳುತ್ತಾರೆ, ಹಿತ್ತಲ ಬಾಗಿಲಿಗೆ ಹೇಳುತ್ತಾರೆ. ಮಡಿ ಬಿಟ್ಟ ಮೇಲೂ ಆ ರೂಢಿ ಬಿಡುತ್ತಿರಲಿಲ್ಲ. ಮೊದಲ ದಿನ ಅವರು ರಾಟೆಯನ್ನು ನೋಡಿ “ಕತ್ತಿ ಬಾವಿ ಹತ್ತರ ಬರಬಾರದು” ಅಂದಾಗ, ಕಾಳವ್ವ ತಿಳಿಯದೆ “ನನಗ ಅಂದ್ರೇನ್ರಿ, ಮಾಸ್ತರ್ರ?” ಎಂದು ಕೇಳಿಬಿಟ್ಟಿದ್ದಳು. ಮಾಸ್ತರರು ತಂಬಿಗೆಯ ನೀರನ್ನು ಅಲ್ಲೇ ಚೆಲ್ಲಿ, ಬಾವಿಗೆ ಹೋಗಿ, ಇನ್ನೊಮ್ಮೆ ತಲೆಯ ಮೇಲೆ ಮೂರು ಕೊಡ ಸುರಿದುಕೊಂಡರು.

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಸುಲಭಾಬಾಯಿ ಹಣೆ ಹಣೆ ಬಡಿದುಕೊಂಡಿದ್ದರು. “ಉತ್ತರ ಕೊಡಬ್ಯಾಡ ಮಾರಾಯ್ತಿ. ಸುಮ್ಮನ ಕೇಳಿಸ್ಕೊಂಡು ಅದರಂಗ ಮಾಡು. ಅವರಿಗೆ ನೆಗಡಿ ಆದ್ರ ಹದಿನೈದು ದಿನಕ್ಕ ಸುರು ಆಗೂ ಪುರಾಣ ನೀ ಹೇಳ್ತೀ ಏನು?”

ಆಮೇಲೆ ಕಾಳವ್ವ ಕಲಿತಳು. ರಾಟೆಗೆ ಬಂದ ಅಪ್ಪಣೆಯನ್ನು ತಾನು ಮಾಡುವುದು. ಬಾಗಿಲಿಗೆ ಬಂದ ಬೈಗುಳವನ್ನು ತಾನು ನುಂಗುವುದು.

ಇವತ್ತು ತುಳಸಿಯ ಸರದಿ. ಮಾಸ್ತರರು ತಂಬಿಗೆಯ ನೀರನ್ನು ಸಣ್ಣಗೆ ಬಿಡುತ್ತ ಮುಂದುವರಿಸಿದರು:

“ಕ್ವಾರಿತನಕ ಹೋಗಿ ಬರೂದ್ರಾಗ ಹೊತ್ತು ಮುಳಗತದ. ಪುರಾಣಕ್ಕ ಮಂದಿ ಬಂದು ಎಲ್ಲಿ ಕೂಡಬೇಕು, ಮಣ್ಣಿನ ಗುಡ್ಡದ ಮ್ಯಾಲೇನು? ಕೆಳಗ ನಾಲಾದಾಗ ಹಂತಾ ತೆಗ್ಗು ಬಿದ್ದದ. ಹತ್ತು ಹೆಜ್ಜಿ ಇಲ್ಲ. ಅಲ್ಲಿ ಹೋದ್ರ ಶನಿವಾರಕ್ಕ ಹಿತ್ತಲಾ ಹಸನಾಗತದ, ತುಳಸವ್ವಾ.”

ನಮಸ್ಕಾರ ಮಾಡಿ ಒಳಗೆ ಹೋದರು.

ಕಾಳವ್ವ ನಾಲಾವನ್ನು ಬಲ್ಲವಳು. ಬೇಸಿಗೆಯಲ್ಲಿ ಅದು ಬರೇ ತೆಗ್ಗು. ಮುಂಗಾರಿನ ಮಿರಗದ ಮಳೆ ಬಿದ್ದರೆ ಮೇಲಿನ ಓಣಿಗಳ ನೀರೆಲ್ಲ ಅದರಲ್ಲೇ ಇಳಿಯಬೇಕು. ಆಚೆ ದಂಡೆಯಲ್ಲಿ ಏಳೆಂಟು ಮನೆಗಳಿದ್ದವು. ಅವುಗಳಲ್ಲೊಂದು ಶಹಜಹಾನಬೇಗಂಳದು. ಕತ್ತೆಯ ಬೆನ್ನಿಗೆ ಹಾಕುವ ಗೋಣಿಚೀಲಗಳನ್ನು ಇಷ್ಟು ವರ್ಷ ಹೊಲಿದುಕೊಟ್ಟವಳು ಅವಳೇ.

ಸುಲಭಾಬಾಯಿ ಹೊರಗೆ ಬಂದಾಗ ಕಾಳವ್ವ ಹತ್ತು ಹೆಜ್ಜೆ ದೂರದಿಂದಲೇ ಹೇಳಿದಳು. “ಅವ್ವಾರ, ಮಳಿ ಬಂದ್ರ ಆ ಕಡೆ ನೀರು—”

“ಅವರು ಅಂದದ್ದು ಕೇಳಿಸ್ತಿಲ್ಲೋ?”

“ಕೇಳಿಸ್ತ್ರಿ.”

“ಮತ್ತ? ಅಷ್ಟು ಓದಿದವರಿಗಿಂತ ನಿನಗ ಹೆಚ್ಚು ತಿಳೀತದೇನು?”

ತಿಳಿಯುತ್ತಿತ್ತು. ಆದರೂ ಕಾಳವ್ವ ಅವತ್ತು ತನ್ನ ತಿಳಿವಳಿಕೆಯನ್ನು ಬದಿಗಿಟ್ಟಳು. ಅದಕ್ಕೆ ಕಾರಣ ಸುಲಭಾಬಾಯಿಯ ಮಾತಲ್ಲ, ಮಾಸ್ತರರ ದನಿ.

ಬೆಳಗಿನ ಆರು ಗಂಟೆಗೆ ಅವಳು ಕತ್ತೆ ಹೊಡೆದುಕೊಂಡು ಬರುವ ಹೊತ್ತಿಗೆ ಒಳಗೆ ಪಾರಾಯಣ ನಡೆದಿರುತ್ತಿತ್ತು. ಅವಳಿಗೆ ಅದರ ಅರ್ಥ ಗೊತ್ತಿರಲಿಲ್ಲ. ಎಲ್ಲಿ ದನಿ ಏರುತ್ತದೆ, ಎಲ್ಲಿ ಉಸಿರು ನಿಲ್ಲುತ್ತದೆ ಎಂಬುದು ಮಾತ್ರ ಗೊತ್ತಾಗಿತ್ತು. ಗೋಡೆಯ ಹೊರಗೆ ಚಪ್ಪಲಿ ಬಿಟ್ಟು, ಸೆರಗು ಹೊದ್ದು ನಿಲ್ಲುತ್ತಿದ್ದಳು. ಮುಂದಿನ ಕತ್ತೆ ಗೌಡ್ತಿಯೂ ಕಿವಿ ನಿಗುರಿಸಿ ನಿಲ್ಲುತ್ತಿತ್ತು. ಪಾರಾಯಣ ಮುಗಿದ ಮೇಲೆ ಮಾಸ್ತರರು ಹೆಂಡತಿಗೆ ಕನ್ನಡದಲ್ಲಿ ಅರ್ಥ ಹೇಳುತ್ತಿದ್ದರು. ಕೆರೆಯಲ್ಲಿ ಮೊಸಳೆ ಕಾಲು ಹಿಡಿದಾಗ ಆನೆಯೊಂದು ಸೊಂಡಿಲೆತ್ತಿ ಕೂಗಿತಂತೆ. ದೇವರು ಚಪ್ಪಲಿ ಮೆಟ್ಟಲೂ ನಿಲ್ಲದೆ ಓಡಿ ಬಂದನಂತೆ. ಅವತ್ತು ಕಾಳವ್ವ ಗೋಡೆಗೆ ಹಣೆ ಹಚ್ಚಿ ಅತ್ತಿದ್ದಳು. ಇಷ್ಟು ಚೆಂದ ದೇವರನ್ನು ಕರೆಯುವ ಬಾಯಿ ನಾಲಾಕ್ಕೆ ಹಾಕು ಅಂದರೆ, ಅಲ್ಲಿ ಹಾಕಿದರೆ ಏನೂ ಆಗಲಿಕ್ಕಿಲ್ಲ ಎಂದು ಅವಳು ನಂಬಿದಳು.

“ನಡಿಯವಾ, ಗೌಡ್ತಿ,” ಅಂದಳು. “ಇವತ್ತಿನಿಂದ ನಿನ್ನ ದಾರಿ ಸಣ್ಣದಾತು.”

ಗೌಡ್ತಿ ಅಂತ ಹೆಸರಿಟ್ಟವನು ಕಾಳವ್ವನ ಗಂಡ. ಊರ ಗೌಡರ ಹೆಂಡತಿಯಂತೆ ಎಲ್ಲರಿಗಿಂತ ಮುಂದೆ, ಯಾರಿಗೂ ದಾರಿ ಬಿಡದೆ ನಡೆಯುತ್ತದೆ ಅಂತ. ಅದರ ತಾಯಿ ಉಣಕಲ್ಲಿನ ರಸ್ತೆಯಲ್ಲಿ ಲಾರಿಗೆ ಸಿಕ್ಕು ಸತ್ತಾಗ ಅದು ಆರು ದಿನದ ಮರಿ. ಕಾಳವ್ವ ಜೋಳದ ಅಂಬಲಿಯಲ್ಲಿ ಬಟ್ಟೆ ಅದ್ದಿ ಚೀಪಿಸಿ ಬದುಕಿಸಿದ್ದಳು. ಗಂಡ ತೀರಿಕೊಂಡ ವರ್ಷ, ಮಾತಾಡುವವರು ಯಾರೂ ಇಲ್ಲದಾಗ, ಅವಳು ಅದರ ಹೊಟ್ಟೆಗೆ ಬೆನ್ನು ಆನಿಸಿ ಕೂತು ದಿನದ ಸುದ್ದಿಯನ್ನೆಲ್ಲ ಅದಕ್ಕೇ ಹೇಳುತ್ತಿದ್ದಳು. ಉಳಿದ ಮೂರು, ಬೂದಿ, ಕರಿಯ ಮತ್ತು ಕುಂಟಿ, ಗೌಡ್ತಿಯ ಬಾಲ ನೋಡಿ ನಡೆಯುವವು.

ಕತ್ತೆಗೆ ಒಂದು ದಾರಿಯನ್ನು ಎರಡು ದಿನ ತೋರಿಸಿದರೆ ಸಾಕು, ಮೂರನೆಯ ದಿನ ಆಳು ಬೇಡ. ಹಿತ್ತಲಲ್ಲಿ ಪಡಸಾಲೆ ಕೆಡವುವ ಇಬ್ಬರು ಆಳುಗಳು ಹೇರುತ್ತಿದ್ದರು. ನಾಲಾದ ದಂಡೆಯಲ್ಲಿ ಕಾಳವ್ವ ಚೀಲದ ಬಾಯಿ ಬಿಚ್ಚಿ ಇಳಿಸುತ್ತಿದ್ದಳು. ನಡುವೆ ನಾಲ್ಕೂ ಕತ್ತೆಗಳು ತಾವೇ ಹೋಗಿ ತಾವೇ ಬರುತ್ತಿದ್ದವು. ಸಾಲು ತಪ್ಪುತ್ತಿರಲಿಲ್ಲ. ಓಣಿಯ ಜನ ನಿಂತು ನೋಡಿ ನಗುತ್ತಿದ್ದರು. ಎದುರು ಮನೆಯ ಮಂದಾಕಿನಿ ಮೇಡಂ ಗಚ್ಚಿಯ ಮೇಲಿಂದ ಮೊಬೈಲಿನಲ್ಲಿ ತೆಗೆದೂ ತೆಗೆದರು. “ಸಾಲಿ ಹುಡುಗರಿಗಿಂತ ಶಿಸ್ತು ಅವ ಬಿಡು, ಕಾಳವ್ವ!”

ಶನಿವಾರ ಹಿತ್ತಲು ಮುಕ್ಕಾಲು ಖಾಲಿಯಾಯಿತು. ಮಾಸ್ತರರು ಬಾಗಿಲಿಗೆ “ಛಲೋ ಆತು” ಅಂದರು.

ಮಧ್ಯಾಹ್ನ ಮೂರಕ್ಕೆ ಮಳೆ ಹಿಡಿಯಿತು.

*

“ಯಾವಳಲೇ ಇದನ್ನ ಹಾಕಿದ್ದು? ನಿಮ್ಮೌನ್, ನಾಲಾ ಏನು ನಿಮ್ಮಪ್ಪನ ಹೊಲಾ ಅಂತ ತಿಳಕೊಂಡಿರೇನು?”

ರವಿವಾರ ಬೆಳಿಗ್ಗೆ ಸಫಾಯಿ ಇನ್ಸ್‌ಪೆಕ್ಟರ್ ಅಂಬರೀಷ ಪ್ಯಾಂಟು ಮಡಚಿಕೊಂಡು ನಾಲಾದ ದಂಡೆಯಲ್ಲಿ ನಿಂತಿದ್ದ. ಹೊರಗೆ ಹೋಗಲು ದಾರಿ ಸಿಗದ ನೀರು ಆಚೆ ದಂಡೆಯ ಮನೆಗಳಿಗೆ ನುಗ್ಗಿ ಹೋಗಿತ್ತು. ಹಾಸಿಗೆ, ಪಾತ್ರೆ, ಕಾಳಿನ ಡಬ್ಬಿಗಳು ಕೆಸರಿನಲ್ಲಿ ಬಿದ್ದಿದ್ದವು. ಶಹಜಹಾನಬೇಗಂಳ ಮನೆಯ ಹಿಂದಿನ ಗೋಡೆ ಕುಸಿದು ಹೊಲಿಗೆ ಮಷಿನು ಮಣ್ಣಾಗಿತ್ತು. ಅವಳ ಎಡಗಾಲು ಮೊಣಕಾಲ ಕೆಳಗೆ ಮುರಿದಿತ್ತು.

“ನಾ ಹಾಕೇನ್ರಿ,” ಅಂದಳು ಕಾಳವ್ವ.

ಎಲ್ಲರೂ ತಿರುಗಿ ನೋಡಿದರು.

“ಏ ಹಲ್ಕಟ್ ಹೆಂಗಸ, ಮಂದಿ ಮನಿ ಮುಳಗಿಸಿ ಧಿಮಾಕಿನಿಂದ ನಾ ಹಾಕೇನಿ ಅಂತೀ?”

“ವೆಂಕಣ್ಣ ಮಾಸ್ತರ ಮನಿ ಮಣ್ಣ್ರಿ ಅದು. ಅವರು ಹೇಳಿದ್ದಕ್ಕ ಹಾಕೇನ್ರಿ. ಕೇಳ್ರಿ ಬೇಕಾದ್ರ. ಅವರು ಸುಳ್ಳು ಹೇಳು ಮಂದಿ ಅಲ್ರಿ.”

ಅಂಬರೀಷನ ಮುಖ ಸ್ವಲ್ಪ ಸಣ್ಣದಾಯಿತು. ಅವನು ಮಾಸ್ತರರ ಕೈಯಲ್ಲಿ ಕಲಿತವನು. “ಮಾಸ್ತರ ಹೆಸರು ತೆಗದ್ರ ನಾಲಗಿ ಬಿದ್ದು ಹೋಗತೈತಿ,” ಅಂದ. ಆಮೇಲೆ ತನ್ನ ಜೊತೆಗಿದ್ದ ಇಬ್ಬರಿಗೆ, “ಕತ್ತಿ ಬಿಚ್ಚಿ ಕೊಂಡವಾಡಕ್ಕ ಹೊಡೀರಿ. ಮುಂದಿಂದು ಮುಂದ ನೋಡೂಣು,” ಅಂದ.

ಅವರು ದಂಡೆಯಲ್ಲಿ ಕಟ್ಟಿದ್ದ ಕತ್ತೆಗಳ ಹಗ್ಗ ಬಿಚ್ಚಿ, ಊರ ಹೊರಗಿನ ದನದ ದೊಡ್ಡಿಯ ಕಡೆಗೆ ತಿರುಗಿಸಿ ಬಡಿಗೆಯಿಂದ ಹೊಡೆದರು. ಗೌಡ್ತಿ ಎರಡು ಹೆಜ್ಜೆ ಹೋಗಿ ನಿಂತಿತು. ಅವರ ಕಡೆಗೊಮ್ಮೆ ನೋಡಿ, ಹಿಂದಕ್ಕೆ ತಿರುಗಿ, ಸಂದಿಯನ್ನು ಹತ್ತತೊಡಗಿತು. ಹಿಂದೆ ಬೂದಿ, ಕರಿಯ, ಕುಂಟಿ. ಬಡಿಗೆಯವರು ಕೂಗುತ್ತ ಬೆನ್ನು ಹತ್ತಿದರು. ಅಂಬರೀಷನೂ ನಡೆದ. ಕಾಳವ್ವನೂ, ಕೆಸರು ಮೆತ್ತಿದ ಇಡೀ ಓಣಿಯೂ ನಡೆಯಿತು.

ನಾಲ್ಕೂ ಕತ್ತೆಗಳು ಮಾಸ್ತರರ ಹಿತ್ತಲನ್ನು ಹೊಕ್ಕು, ಉಳಿದ ಮಣ್ಣಿನ ಗುಡ್ಡೆಯ ಪಕ್ಕದಲ್ಲಿ ಒಂದರ ಹಿಂದೆ ಒಂದು ನಿಂತವು. ತಲೆ ತಗ್ಗಿಸಿ, ಹೇರುವವರಿಗಾಗಿ ಕಾದವು.

ಎದುರಿನ ಗಚ್ಚಿಯ ಮೇಲೆ ಮಂದಾಕಿನಿ ಮೇಡಂ ಮತ್ತೆ ಮೊಬೈಲು ಎತ್ತಿ ಹಿಡಿದಿದ್ದರು. ಯಾರೋ ನಕ್ಕರು. “ಸಾಹೇಬ್ರ, ಸಾಕ್ಷಿ ಬಂದು ನಿಂತ್ವು ನೋಡ್ರಿ!”

ಕಾಳವ್ವನ ಎದೆ ಹಗುರಾಯಿತು. ಬಾಗಿಲು ತೆರೆದು ಮಾಸ್ತರರು ಹೊರಗೆ ಬಂದರು. ಹಣೆಯಲ್ಲಿ ಅಂಗಾರದ ಕಪ್ಪು ನಾಮ ಇನ್ನೂ ಹಸಿಯಾಗಿತ್ತು. ಜನರನ್ನು ನೋಡಿದರು, ಅಂಬರೀಷನನ್ನು ನೋಡಿದರು. ಆಮೇಲೆ ತುಳಸಿಕಟ್ಟೆಯ ಕಡೆಗೆ ಮುಖ ಮಾಡಿದರು.

“ಯಾರ ಕತ್ತಿ ಇವು?”

ಹದಿನೈದು ದಿನ ತಮ್ಮ ಹಿತ್ತಲಲ್ಲಿ ನಡೆದಾಡಿದ ಕತ್ತೆಗಳು. ಕಾಳವ್ವ ತಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲವೇನೋ ಎಂದು ಒಂದು ಹೆಜ್ಜೆ ಮುಂದೆ ಬಂದಳು.

ಅಂಬರೀಷ ಕೈ ಕಟ್ಟಿ ನಿಂತ. “ಸರ್, ತಪ್ಪು ತಿಳೀಬ್ಯಾಡ್ರಿ. ಈಕಿ ಮಣ್ಣು ನಾಲಾಕ್ಕ ಹಾಕಾಕ ನೀವು ಹೇಳಿದ್ರಿ ಅಂತಾಳ.”

“ನಾ ಆಕಿ ಜೋಡಿ ಮಾತಾಡೇ ಇಲ್ಲಪಾ.” ಮಾಸ್ತರರ ದನಿ ಶಾಂತವಾಗಿತ್ತು. “ಬಂದಾಗಿನಿಂದ ಇವತ್ತಿನತನಕ ಒಂದು ಅಕ್ಷರ ಆಡಿಲ್ಲ. ದೇವರ ಮುಂದ ಬೇಕಾದ್ರೂ ಹೇಳ್ತೀನಿ. ಆಕೀನ್ನೇ ಕೇಳು.”

“ಏನವಾ? ನಿನ್ನ ಜೋಡಿ ಮಾತಾಡ್ಯಾರೇನು?”

ಕಾಳವ್ವ ಬಾಯಿ ತೆರೆದಳು. ಹೌದು ಅನ್ನಲು ಬರಲಿಲ್ಲ. “ನನ್ನ ಜೋಡಿ ಆಡಿಲ್ರಿ,” ಅಂದಳು. “ತುಳಸಿಗೆ ಹೇಳಿದ್ರಿ.”

ಹಿತ್ತಲು ತುಂಬ ನಗು ಎದ್ದಿತು. ಮನೆ ಮುಳುಗಿದವರೂ ನಕ್ಕರು.

“ಹಂಗಾರ ತುಳಸೀನ ಸ್ಟೇಷನ್ನಿಗೆ ಕರಕೊಂಡು ಹೋಗೂಣೇನು?” ಅಂಬರೀಷ ಕಣ್ಣೊರೆಸಿಕೊಂಡ.

“ಅವ್ವಾರಿಗೆ ಗೊತ್ತೈತ್ರಿ! ಅವ್ವಾರ, ನಾ ನಿಮಗ ಕೇಳಿದ್ನೋ ಇಲ್ಲೋ? ಮಳಿ ಬಂದ್ರ ನೀರು ಆ ಕಡಿ ಹೋಗತೈತಿ ಅಂತ ಅಂದ್ನೋ ಇಲ್ಲೋ?”

ಸುಲಭಾಬಾಯಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಗಂಡನ ಮುಖ ನೋಡಿದರು. “ನನಗ ಒಳಗ ಹಾಲು ಉಕ್ಕಲಿಕ್ಕತ್ತದ,” ಎಂದು ಒಳಗೆ ಹೋದರು.

ಬಡಿಗೆಯವರು ಗೌಡ್ತಿಯ ಕೊರಳಿಗೆ ಹಗ್ಗ ಹಾಕಿ ಎಳೆದರು. ಅದು ಮಣ್ಣಿನ ಗುಡ್ಡೆಯನ್ನು ಬಿಟ್ಟು ಕದಲಲಿಲ್ಲ. ಕಿವಿಯ ಮೇಲೆ ಎರಡೇಟು ಬಿದ್ದ ಮೇಲೆ ಕಾಳವ್ವನೇ ಹೋಗಿ ಅದರ ಕೊರಳು ತಬ್ಬಿ, “ನಡಿಯವಾ ನಡಿ, ಇಲ್ಲೇನೂ ಹೇರಾಕ ಉಳದಿಲ್ಲ” ಎಂದು ಹೊರಡಿಸಿದಳು.

*

ಕೊಂಡವಾಡದ ಕಾವಲುಗಾರ ಮುರುಗೆಪ್ಪ ಕೆಟ್ಟವನಲ್ಲ. ದಿನಾ ಬಂದು ಕಂಬಿಯ ಹೊರಗೆ ಕೂಡುವ ಕಾಳವ್ವನಿಗೆ ತನ್ನ ಚಹಾದಲ್ಲಿ ಅರ್ಧ ಕೊಡುತ್ತಿದ್ದ. ಬೀಗ ಮಾತ್ರ ತೆಗೆಯುತ್ತಿರಲಿಲ್ಲ.

“ನನ್ನ ಕೈಯಾಗ ಏನೈತಿ ಯಕ್ಕಾ? ಮಣ್ಣು ನಂದು, ನಾ ಹಾಕಸೇನಿ ಅಂತ ಮನಿ ಮಾಲಕ ಬರದು ಕೊಟ್ರ ನಿನ್ನ ಕತ್ತಿ ಇವತ್ತ ಬಿಡ್ತೇನಿ. ಇಲ್ಲಾ, ನನ್ನ ಬುದ್ಧೀಲೆ ನಾನ ಹಾಕೇನಿ ಅಂತ ನೀ ಹೆಬ್ಬಟ್ಟು ಒತ್ತಬೇಕು.”

“ಒತ್ತಿದ್ರ?”

“ಕತ್ತಿ ಬಿಡ್ತಾರ. ಕೇಸು ನಿನ್ನ ಮ್ಯಾಲೆ. ಗ್ವಾಡಿ ಬಿದ್ದದ್ದು, ಕಾಲು ಮುರದದ್ದು, ಎಲ್ಲಾ ನಿಂದ.” ಮುರುಗೆಪ್ಪ ಬೀಡಿ ಎಸೆದ. “ಎರಡೂ ಆಗಲಿಲ್ಲಂದ್ರ ಗುರುವಾರ ಲಿಲಾವು, ಕೂಗಿ ಮಾರಿಬಿಡ್ತಾರ. ಆಂಧ್ರದ ಕಡೆಯವರು ಲಾರಿ ತಂದಿರ್ತಾರ.”

ಆಂಧ್ರದ ಕಡೆಯವರು ಕತ್ತೆಯಿಂದ ಮಣ್ಣು ಹೊರಿಸುವುದಿಲ್ಲ ಎಂಬುದು ಕಾಳವ್ವನಿಗೆ ಗೊತ್ತಿತ್ತು. ಅವಳ ಅಣ್ಣನ ಏಳು ಕತ್ತೆಗಳು ಹಾಗೇ ಹೋಗಿದ್ದವು, ಮಾಂಸದ ತೂಕದ ಲೆಕ್ಕದಲ್ಲಿ.

ಗೌಡ್ತಿ ಕಂಬಿಯ ಸಂದಿಯಿಂದ ಮೂತಿ ಹೊರಗೆ ಹಾಕಿ ಅವಳ ಹೆಗಲಿಗೆ ಒತ್ತಿತು. ಮೂರು ದಿನದಿಂದ ಹುಲ್ಲು ಮುಟ್ಟಿರಲಿಲ್ಲ. ಮೂತಿ ಒಣಗಿತ್ತು. ಕಾಳವ್ವ ಸೆರಗನ್ನು ನೀರಲ್ಲಿ ಅದ್ದಿ ತುಟಿಗೆ ಹಿಂಡಿದಳು, ಮರಿಯಾಗಿದ್ದಾಗ ಮಾಡಿದಂತೆ. ಗೌಡ್ತಿ ಚೀಪಿತು. ಆಮೇಲೆ ಇದ್ದಕ್ಕಿದ್ದಂತೆ ತಲೆಯೆತ್ತಿ, ಎದೆ ಬಿರಿಯುವಂತೆ ಕೂಗಿತು. ಉಳಿದ ಮೂರೂ ದನಿಗೂಡಿಸಿದವು.

“ಆನಿ ಕೂಗಿದ್ರ ಓಡಿ ಬಂದನಂತಲ್ಲೋ ಮುರುಗೆಪ್ಪ,” ಅಂದಳು ಕಾಳವ್ವ.

“ಯಾರವಾ?”

“ಯಾರೂ ಇಲ್ಲ ಬಿಡು.”

ಸಂಜೆ ಅವಳು ಮನೆಗೆ ಬಂದಾಗ ಶಹಜಹಾನಬೇಗಂ ಬಾಗಿಲಲ್ಲಿ ಪ್ಲಾಸ್ಟರು ಹಾಕಿದ ಕಾಲನ್ನು ಇಟ್ಟಿಗೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಗೋಡೆ ಬಿದ್ದ ದಿನದಿಂದ ಅವಳು ಇಲ್ಲೇ. ಕಾಳವ್ವನೇ ಹೊತ್ತುಕೊಂಡು ಬಂದಿದ್ದಳು. ಮೊದಲ ದಿನ ಶಹಜಹಾನಬೇಗಂ ಒಂದೇ ಒಂದು ಮಾತು ಕೇಳಿದ್ದಳು: “ನನ್ನ ಮನಿ ಆ ಕಡೆ ಐತಿ ಅಂತ ನಿನಗ ನೆನಪಿತ್ತೋ ಇಲ್ಲೋ ಅಕ್ಕಾ?” ಕಾಳವ್ವ “ಇತ್ತು” ಅಂದಿದ್ದಳು. ಮರುದಿನ ಶಹಜಹಾನಬೇಗಂ ಕೈಸೂಜಿ ಕೇಳಿ, ಹರಿದ ಗೋಣಿಚೀಲಗಳನ್ನು ಹೊಲಿಯಲು ಕುಳಿತಿದ್ದಳು. ಕತ್ತೆಗಳೇ ಇರಲಿಲ್ಲ. ಆದರೂ ಹೊಲಿದಳು.

*

ಬುಧವಾರ ನಾಲ್ಕು ಗಂಟೆಗೆ ಓಣಿಯ ಬಾಯಲ್ಲಿ ಆಟೋ ನಿಂತಿತು. ಸುಲಭಾಬಾಯಿ ಒಳಗೇ ಕುಳಿತರು. ವೆಂಕಣ್ಣ ಮಾಸ್ತರರು ಇಳಿದು, ಪಂಚೆಯ ಅಂಚು ಎತ್ತಿ ಹಿಡಿದು, ಕೊಚ್ಚೆ ದಾಟಿ ಬಂದರು. ಕಾಳವ್ವನ ಮನೆಯ ಮುಂದೆ ನಾಲ್ಕು ಗೂಟಗಳಿದ್ದವು. ಅಲ್ಲಿಗೆ ಬಂದು ನಿಂತರು.

“ಕಾಳವ್ವಾ.”

ಅವಳು ಹಿಂದೆ ತಿರುಗಿ ನೋಡಿದಳು, ಬೇರೆ ಯಾರಾದರೂ ಇದ್ದಾರೇನೋ ಎಂದು. ಯಾರೂ ಇರಲಿಲ್ಲ. ಮಾಸ್ತರರು ಅವಳ ಮುಖವನ್ನೇ ನೋಡುತ್ತಿದ್ದರು.

“ಬರ್ರಿ ಮಾಸ್ತರ್ರ,” ಅಂದಳು. ಕುಳಿತುಕೊಳ್ಳಿ ಎನ್ನಲು ಏನೂ ಇರಲಿಲ್ಲ. “ನನ್ನ ಜೋಡಿ ಮಾತಾಡಿದ್ರಿ. ಮಡಿ ಹೋಗಲಿಲ್ಲೇನ್ರಿ?”

“ಮನಿಗೆ ಹೋಗಿ ಸ್ನಾನ ಮಾಡ್ತೀನಿ.”

ಕಾಳವ್ವ ತಲೆಯಾಡಿಸಿದಳು.

“ಆ ಮಂದಾಕಿನಿ ಅದೇನೋ ಮೊಬೈಲಿನ್ಯಾಗ ತೆಗದು ಊರೆಲ್ಲಾ ಹಂಚ್ಯಾಳ,” ಎಂದರು ಮಾಸ್ತರರು. “ನಿನ್ನ ಕತ್ತಿ ನಮ್ಮ ಹಿತ್ತಲದಾಗ ಬಂದು ನಿಂತದ್ದು. ಪುರಾಣಕ್ಕ ಬಂದ ಮಂದಿ ನನ್ನ ಮಾರಿ ಬಿಟ್ಟು ಹಿತ್ತಲಾ ನೋಡಲಿಕ್ಕತ್ತಾರ. ನಿನ್ನೆ ಒಬ್ಬಾಂವ ನಡುವ ಎದ್ದು, ಮಾಸ್ತರ, ಆ ಕತ್ತಿ ಕಥಿ ಹೇಳ್ರಿ ಅಂದ. ನಲವತ್ತು ವರ್ಷದಾಗ ಹಿಂಗ ಆಗಿದ್ದಿಲ್ಲ.” ಆ ಸಂಕಟ ಸುಳ್ಳಾಗಿರಲಿಲ್ಲ. ಮಡಚಿದ ಕಾಗದವೊಂದನ್ನು ಬಿಚ್ಚಿದರು. “ಅಂಬರೀಷ ಎಲ್ಲಾ ಬರದು ಕೊಟ್ಟಾನ. ನೀ ಒಂದು ಹೆಬ್ಬಟ್ಟು ಒತ್ತಿದ್ರ ಇವತ್ತ ಸಂಜಿಗೆ ನಿನ್ನ ಕತ್ತಿ ಮನಿಗೆ ಬರತಾವ. ಕೋರ್ಟು ಕಚೇರಿ ನಾ ನೋಡಿಕೋತೀನಿ, ನಮ್ಮ ಹುಡುಗರು ಅಲ್ಲಿ ಬಹಳ ಇದ್ದಾರ.”

“ಏನು ಬರದಾರ್ರಿ? ಓದ್ರಿ.”

ಮಾಸ್ತರರು ಕನ್ನಡಕ ಹಾಕಿಕೊಂಡು ಓದಿದರು. “ನಾನು, ನನ್ನ ಸ್ವಂತ ಬುದ್ಧಿಯಿಂದ, ಯಾರ ಪ್ರೇರಣೆಯೂ ಇಲ್ಲದೆ, ಮನೆಯ ಯಜಮಾನರ ಗಮನಕ್ಕೆ ತಾರದೆ...” ಅದೇ ದನಿ. ಏರುವಲ್ಲಿ ಏರಿತು, ಉಸಿರು ನಿಲ್ಲುವಲ್ಲಿ ನಿಂತಿತು. ಕಾಳವ್ವ ಗೊತ್ತಿಲ್ಲದೆಯೇ ಸೆರಗು ಹೊದ್ದಿದ್ದಳು. ಕಾಲು ತನ್ನಷ್ಟಕ್ಕೆ ಚಪ್ಪಲಿಯಿಂದ ಹೊರಬಂದಿತ್ತು. ಓದು ಮುಗಿದಾಗ ಅವಳು ಕೆಳಗೆ ನೋಡಿ, ಚಪ್ಪಲಿಯನ್ನು ಮತ್ತೆ ಮೆಟ್ಟಿದಳು.

“ನಾ ನಿನಗ ಏನೂ ಹೇಳಿಲ್ಲ ಅನ್ನೂದು ಖರೇ ಅದನೋ ಇಲ್ಲೋ?”

“ಖರೇ ಐತ್ರಿ.”

“ಹಂಗಾದ್ರ ಇದರಾಗ ಸುಳ್ಳು ಏನದ?” ಅವರು ಶಾಯಿಯ ಡಬ್ಬಿ ತೆರೆದು ಮುಂದೆ ಹಿಡಿದರು.

ಬಾಗಿಲಿನಿಂದ ಶಹಜಹಾನಬೇಗಂ ಸೂಜಿ ಕೆಳಗಿಟ್ಟಳು. “ಒತ್ತಿಬಿಡಕ್ಕಾ,” ಅಂದಳು. “ನನ್ನ ಕಾಲು ಹೆಂಗೂ ಮುರದೈತಿ. ನಾ ನಿನ್ನ ಮ್ಯಾಲೆ ಏನೂ ಹೇಳಂಗಿಲ್ಲ. ನಾಳೆ ಲಾರಿ ಬರ್ತೈತಿ. ಗೌಡ್ತಿ ಹೋದ್ರ ನೀ ಉಳಿಯಂಗಿಲ್ಲ.”

ಕಾಳವ್ವ ನಾಲ್ಕು ಗೂಟಗಳನ್ನು ನೋಡಿದಳು. ಗೌಡ್ತಿಯ ಗೂಟ ಅದು ಮೈ ತಿಕ್ಕಿ ತಿಕ್ಕಿ ನುಣ್ಣಗಾಗಿತ್ತು. ಬಡಿಗೆ ಬೀಳುತ್ತಿದ್ದರೂ ಕದಲದೆ ಆ ಮಣ್ಣಿನ ಪಕ್ಕದಲ್ಲಿ ನಿಂತದ್ದು ಅವಳ ಕಣ್ಣ ಮುಂದೆ ಬಂತು. ಊರೆಲ್ಲ ನಗುವಾಗ ಅಲ್ಲಿ ಇದ್ದದ್ದನ್ನು ಇದ್ದಹಾಗೆ ತೋರಿಸಿದ್ದು ಅದೊಂದೇ.

ಅವಳು ಬಲಗೈಯ ಹೆಬ್ಬೆರಳನ್ನು ಸೀರೆಗೆ ಒರೆಸಿಕೊಂಡಳು. ಮಾಸ್ತರರು ಡಬ್ಬಿಯನ್ನು ಇನ್ನಷ್ಟು ಹತ್ತಿರ ತಂದರು.

“ಒಂದ ಮಾತು, ಮಾಸ್ತರ್ರ. ಆವತ್ತು ತುಳಸಿಗೆ ಹೇಳಿದ್ದನ್ನ ಇವತ್ತು ನನಗ ಹೇಳ್ರಿ. ಹಿಂಗ, ನನ್ನ ಮಾರಿ ನೋಡಿ. ಇಲ್ಲಿ ಸಾಹೇಬ್ರಿಲ್ಲ, ಮೊಬೈಲಿಲ್ಲ. ನಾ ಮತ್ತೆಲ್ಲೂ ಬಾಯಿ ಬಿಡಂಗಿಲ್ಲ. ಒಂದ ಸರ್ತಿ ಹೇಳ್ರಿ. ಹೇಳಿದ್ರ ಒತ್ತತೇನಿ.”

ಆಟೋದವನು ಹಾರ್ನ್ ಹೊಡೆದ. ಮಾಸ್ತರರ ತುಟಿ ತೆರೆಯಿತು. ಕಾಳವ್ವ ಕಾದಳು, ಗೋಡೆಯ ಹೊರಗೆ ಕಾಯುತ್ತಿದ್ದಂತೆ.

ಮಾಸ್ತರರ ಕಣ್ಣು ಅವಳ ಮುಖದಿಂದ ಜಾರಿ ಗೌಡ್ತಿಯ ಗೂಟದ ಮೇಲೆ ಹೋಗಿ ನಿಂತಿತು.

“ಹೊತ್ತಾತು,” ಎಂದು ಗೂಟಕ್ಕೆ ಹೇಳಿದರು. “ಪುರಾಣಕ್ಕ ಮಂದಿ ಬಂದು ಕೂತಿರತಾರ. ಲಗೂನ ಒತ್ತಿದ್ರ ಛಲೋ.”

ಕಾಳವ್ವ ಕೈ ಚಾಚಿ ಶಾಯಿಯ ಡಬ್ಬಿಯ ಮುಚ್ಚಳ ಮುಚ್ಚಿದಳು. ಅವಳ ಬೆರಳು ಅವರ ಬೆರಳಿಗೆ ತಾಗಿತು.

“ಒತ್ತಂಗಿಲ್ಲ,” ಅಂದಳು.